ಲೇಕ್ ವ್ಯೂ ಅಂತೆ, ಲೇಕ್ ವ್ಯೂ!

ಕೂತು ಮೀನು ಹಿಡಿಯಲು ನೀರಿನ ಪಕ್ಕ ಒಂದು ಜಾಗ ಕೊಳ್ಳೋಣ ಅಂತ ಹುಡುಕುತ್ತಿದ್ದೇನೆ. ನಿನ್ನೆ ಮತ್ತೊಬ್ಬ ಬ್ರೋಕರ್ ಶಿರಸಿ ಹತ್ತಿರ ‘ಕೆರೆ ದಂಡೆ ಜಾಗ’ ತೋರಿಸಲು ಕರೆದ. ಕಾರವಾರದಿಂದ ಗಾಳ ಹಿಡಿದುಕೊಂಡೇ ಹೋದೆ, ಬುದ್ಧಿಗೇಡಿ ನಾನು. ಕೆರೆಯಲ್ಲಿ ಒಂದು ಎಮ್ಮೆ ನಿಂತಿತ್ತು. ಅದರ ಮೊಣಕಾಲೂ ನೆನೆದಿರಲಿಲ್ಲ. ‘ಮಳೆಗಾಲದಲ್ಲಿ ಬನ್ನಿ ಸಾರ್, ಕಾಟ್ಲಾ, ರೋಹು ಮೀನು ಕುಣಿಯುತ್ತವೆ’ ಅಂದ. ಮಳೆಗಾಲದಲ್ಲಿ ನಮ್ಮ ಅಂಗಳದಲ್ಲೂ ನೀರಿರುತ್ತದೆ, ಮಾರಲಾ?

ಪಹಣಿ ಕೇಳಿದರೆ ತಲೆ ಕೆರೆದುಕೊಂಡ. ನೋಡಿದರೆ ಅರ್ಧ ಜಾಗ ಸೊಪ್ಪಿನ ಬೆಟ್ಟ! ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲು ಬಿಟ್ಟ ಕಾಡು ಅದು. ಅಲ್ಲಿ ನಾನು ಕಾಟೇಜು ಕಟ್ಟಬೇಕಂತೆ.

ಹೋದ ತಿಂಗಳಿನವನು ಇನ್ನೂ ಜೋರು. ಜೋಯಿಡಾ ಕಡೆ ಗುಡ್ಡ ಹತ್ತಿಸಿ, ‘ಸೂಪಾ ಅಣೆಕಟ್ಟಿನ ಹಿನ್ನೀರು ಇಲ್ಲೇ’ ಅಂದ. ಇಲ್ಲೇ ಅಂದರೆ ಕತ್ತು ಚಾಚಿ, ಎರಡು ಮರದ ಸಂದಿಯಲ್ಲಿ, ಬೆರಳಗಲ. ಅಲ್ಲಿಗೆ ಗಾಳ ಎಸೆಯುವುದು ಹೇಗೆ ಮಾರಾಯಾ?