ಸೋತವರ ಕುರ್ಚಿ

ನಮ್ಮ ಬೀದಿಯ ಕಟಿಂಗ್ ಶಾಪಿನಲ್ಲಿ ಎರಡು ಕುರ್ಚಿಗಳಿವೆ. ಒಂದರಲ್ಲಿ ಗಿರಾಕಿ, ಇನ್ನೊಂದರಲ್ಲಿ ಹಳೇ ಪೇಪರಿನ ಕಟ್ಟು. ಕೆಲಸದ ಹುಡುಗ ಬಿಟ್ಟುಹೋದ ಮೇಲೆ ಆ ಎರಡನೇ ಕುರ್ಚಿಗೆ ಆಳಿಲ್ಲ. 2023ರ ಜುಲೈನಲ್ಲಿ ನಾನಲ್ಲಿ ಕತ್ತಿಗೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದಾಗ ಟಿವಿಯಲ್ಲಿ ವಿಧಾನಸಭೆ ಬರುತ್ತಿತ್ತು. ಅಲ್ಲೂ ಒಂದು ಕುರ್ಚಿಗೆ ಆಳಿರಲಿಲ್ಲ. ವಿರೋಧ ಪಕ್ಷದ ನಾಯಕನ ಕುರ್ಚಿ.

ಮೇ 13ಕ್ಕೆ ಫಲಿತಾಂಶ ಬಂದಿತ್ತು. ಕಾಂಗ್ರೆಸ್ 135, ಬಿಜೆಪಿ 66. ಗೆದ್ದವರಲ್ಲಿ ಇಬ್ಬರು ಮುಖ್ಯಮಂತ್ರಿ ಕುರ್ಚಿ ಹಿಡಿದು ಜಗ್ಗಾಡಿದರು, ದೆಹಲಿಗೆ ಹೋಗಿಬಂದರು. ಆದರೂ ಮೇ 20ಕ್ಕೆ ಪ್ರಮಾಣವಚನ ಮುಗಿದೇ ಹೋಯಿತು. ಸೋತವರಿಗೆ ಹಿಡಿದದ್ದು ಆರು ತಿಂಗಳು! ಮದುವೆ ಮನೆಯಲ್ಲಿ ಬಡಿಸೋಕೆ ನೂರು ಜನ ಸಿಗುತ್ತಾರೆ. ಮಾರನೇ ದಿನ ಬಾಡಿಗೆ ಪಾತ್ರೆ ಎಣಿಸಿ ಕೊಡೋಕೆ ಯಾರಿರುತ್ತಾರೆ ಹೇಳಿ?

ಹಾಗಂತ ಅದು ಯಾರಿಗೂ ಬೇಡದ ಕುರ್ಚಿಯಲ್ಲ. ಸಂಪುಟ ದರ್ಜೆ ಇದೆ. ಮುಂದಿನ ಸಲ ಪಕ್ಷ ಗೆದ್ದರೆ ದೊಡ್ಡ ಸೀಟಿಗೆ ಕಿಟಕಿಯಿಂದಲೇ ಟವೆಲ್ ಹಾಕಿಟ್ಟ ಹಾಗೆ. ಆಸೆ ಇದ್ದೇ ಇರುತ್ತೆ, ಕೇಳೋ ರೀತಿ ಮಾತ್ರ ಬೇರೆ. ಗೆದ್ದಾಗ ‘ನನಗೆ ಕೊಡಿ’ ಅನ್ನಬಹುದು. ಸೋತಾಗ ‘ನಾನು ಆಕಾಂಕ್ಷಿ ಅಲ್ಲ, ಹೈಕಮಾಂಡ್ ಹೇಳಿದ ಹಾಗೆ’ ಅನ್ನಬೇಕು. ಊಟಕ್ಕೆ ಕರೆದರೆ ‘ಈಗ ತಾನೇ ಆಯ್ತು’ ಅಂತ ಹೇಳಿ, ಕಣ್ಣು ಮಾತ್ರ ಪಾಯಸದ ಕಡೆ ಇಟ್ಟಿರುತ್ತೇವಲ್ಲ, ಹಾಗೆ.

ಇದು ಒಂದೇ ಪಕ್ಷದ ಚಾಳಿಯೇನಲ್ಲ ಬಿಡಿ. 2019ರ ಡಿಸೆಂಬರ್ ಉಪಚುನಾವಣೆಯ 15 ಸೀಟಿನಲ್ಲಿ ಬಿಜೆಪಿ 12 ಗೆದ್ದಾಗ ದಿನೇಶ್ ಗುಂಡೂರಾವ್ ಕಾಂಗ್ರೆಸ್ಸಿನ ರಾಜ್ಯಾಧ್ಯಕ್ಷಗಿರಿಗೆ ರಾಜೀನಾಮೆ ಕೊಟ್ಟರು. ಆ ಜಾಗಕ್ಕೆ ಡಿ.ಕೆ. ಶಿವಕುಮಾರ್ ಹೆಸರು ಹೊರಬೀಳುವಷ್ಟರಲ್ಲಿ ಮಾರ್ಚ್ ಬಂದಿತ್ತು.

2023ರ ಜುಲೈನಲ್ಲಿ ದೆಹಲಿಯಿಂದ ಬಿಜೆಪಿಯ ವೀಕ್ಷಕರು ಬಂದರು, ಶಾಸಕರ ಅಭಿಪ್ರಾಯ ಕೇಳಿದರು, ಹೋದರು. ಟಿವಿಯವರು ‘ಇಂದೋ ನಾಳೆಯೋ’ ಅನ್ನುತ್ತಲೇ ಇದ್ದರು. ನಾಯಕನಿಲ್ಲದೆಯೇ ಬಜೆಟ್ ಅಧಿವೇಶನ ಮುಗಿಯಿತು.

“66 ಜನ ಇದ್ದಾರೆ, ಒಬ್ಬರು ಸಿಗಲ್ವಾ?” ಅಂತ ನಾನು ಸುಮ್ನೆ ಕೇಳಿದೆ.

ಶಾಪಿನವರು ಕತ್ತರಿ ನಿಲ್ಲಿಸಿದರು. “ಜನ ಸಿಗ್ತಾರೆ ಸಾರ್. ನನ್ನ ಹತ್ರಾನೂ ನಾಲ್ಕು ಹುಡುಗರು ಬಂದಿದ್ರು. ಒಬ್ಬನಿಗೆ ಕತ್ತರಿ ಹಿಡಿಯೋಕೆ ಬರುತ್ತೆ, ಬಾಯಿ ಹಿಡಿಯೋಕೆ ಬರಲ್ಲ. ಇನ್ನೊಬ್ಬ ಚೆನ್ನಾಗೇ ಮಾಡ್ತಾನೆ. ಆದ್ರೆ ಒಂದು ವರ್ಷ ಇದ್ದು, ನನ್ನ ಗಿರಾಕಿಗಳನ್ನೆಲ್ಲ ಕರ್ಕೊಂಡು ಎದುರುಗಡೇನೇ ಅಂಗಡಿ ಹಾಕ್ತಾನೆ.”

ಚಾನೆಲ್ಲಿನವರು ಗಂಟೆಗಟ್ಟಲೆ ಚರ್ಚೆ ಮಾಡಿದ್ದು ಇಷ್ಟನ್ನೇ ಅಲ್ವಾ?

ಕೊನೆಗೂ ನವೆಂಬರ್ 10ಕ್ಕೆ ಬಿ.ವೈ. ವಿಜಯೇಂದ್ರ ಬಿಜೆಪಿಯ ರಾಜ್ಯಾಧ್ಯಕ್ಷರಾದರು. ವಾರ ಕಳೆದು, 17ಕ್ಕೆ, ಆರ್. ಅಶೋಕ ವಿರೋಧ ಪಕ್ಷದ ನಾಯಕರಾದರು. ಪಕ್ಷ ಅವರನ್ನು ಪದ್ಮನಾಭನಗರದ ಜೊತೆಗೆ ಕನಕಪುರದಲ್ಲೂ ಶಿವಕುಮಾರ್ ಎದುರು ನಿಲ್ಲಿಸಿತ್ತು, ಅಲ್ಲಿ ಸೋತಿದ್ದರು. ಆಗ ಸದನದಲ್ಲಿ ಅದೇ ಶಿವಕುಮಾರ್ ಉಪಮುಖ್ಯಮಂತ್ರಿಯಾಗಿ ಎದುರಿಗಿದ್ದರು.

ಆ ವಾರ ಕಟಿಂಗಿಗೆ ಹೋದಾಗ ಸುದ್ದಿಯ ಪೇಪರು ಎರಡನೇ ಕುರ್ಚಿಯ ಕಟ್ಟಿನ ಮೇಲೆ ಬಿದ್ದಿತ್ತು.

“ಅಂತೂ ಅವರಿಗೆ ಸಿಕ್ಕರಲ್ಲ” ಅಂದೆ.

ಅವರು ಬಟ್ಟೆ ಕೊಡವಿ ನನ್ನ ಕತ್ತಿಗೆ ಸುತ್ತಿದರು. “ನನಗಿನ್ನೂ ಸಿಕ್ಕಿಲ್ಲ ಸಾರ್. ತಲೆ ಬಗ್ಗಿಸಿ.”