ಅಮೆರಿಕದ ಡೆಟ್ರಾಯ್ಟಲ್ಲಿದೀನಿ ಅಂದ್ರೆ ಸಾಕು, ಹುಷಾರು ಅಂತಾರೆ

ಊರಿಂದ ಮಾವ ಫೋನ್ ಮಾಡಿದಾಗೆಲ್ಲ ಒಂದೇ ಮಾತು, "ಅಲ್ಲಿ ಗುಂಡು ಹಾರಿಸ್ತಾರಂತಲ್ಲೋ, ಕತ್ತಲಾದ್ಮೇಲೆ ಹೊರಗೆ ಹೋಗ್ಬೇಡ". ಅವರು ದೂರದಲ್ಲಿರೋರು, ಬಿಡಿ. ಇಲ್ಲೇ ಸಿಟಿ ಹೊರಗಿನ ಟ್ರಾಯ್, ನೋವೈ ಕಡೆ ಇರೋ ನಮ್ಮ ಕನ್ನಡದವರೂ ಸಿಟಿಯ ಉತ್ತರದ ಗಡಿ ಅನ್ಸಿರೋ ಏಟ್ ಮೈಲ್ ರೋಡ್ ದಾಟಿ ಸಿಟಿ ಒಳಗೆ ಬರೋಕೆ ಹಿಂದೆಮುಂದೆ ನೋಡ್ತಾರಲ್ಲ, ಅದು ನಂಗೆ ನಿಜವಾಗ್ಲೂ ಬೇಜಾರು.

ಕೆಟ್ಟ ಹೆಸರು ಸುಮ್ನೆ ಬಂದಿದ್ದಲ್ಲ, ಒಪ್ತೀನಿ. 1950ರಲ್ಲಿ 18 ಲಕ್ಷ ದಾಟಿದ್ದ ಜನ 2020ಕ್ಕೆ ಆರೂವರೆ ಲಕ್ಷಕ್ಕಿಂತ ಕೆಳಗೆ ಬಂದ್ರು, 2013ರಲ್ಲಿ ಸಿಟಿನೇ ದಿವಾಳಿ ಅಂತ ಕೋರ್ಟಿಗೆ ಹೋಯ್ತು, ಆಗ ಬೀದಿ ದೀಪಗಳಲ್ಲಿ ಸುಮಾರು 40 ಪರ್ಸೆಂಟ್ ಉರೀತಾನೇ ಇರ್ಲಿಲ್ಲ. 2024ರಲ್ಲಿ 203 ಕೊಲೆ ಆಗಿದೆ, 1965ರಿಂದ ಅಲ್ಲಿವರೆಗೆ ಅದೇ ಕಮ್ಮಿ ಅಂದ್ರೂ ಇಷ್ಟು ಚಿಕ್ಕ ಜನಸಂಖ್ಯೆಗೆ ಅದು ಜಾಸ್ತಿನೇ. ನನ್ನ ಕಾರಿನ ಗ್ಲಾಸ್ ಕೂಡ ಒಂದ್ಸಲ ಒಡೆದಿದ್ರು, ಸೀಟ್ ಮೇಲೆ ಬ್ಯಾಗ್ ಬಿಟ್ಟಿದ್ದೆ.

ಆದ್ರೆ ಬೆಂಗಳೂರಲ್ಲಿ ನಾವಿದ್ದ ಅಪಾರ್ಟ್‌ಮೆಂಟಲ್ಲಿ ಗೇಟಿಗೆ ಸೆಕ್ಯೂರಿಟಿ, ಲಿಫ್ಟಿಗೆ ಕ್ಯಾಮೆರಾ ಎಲ್ಲಾ ಇತ್ತು, ಮೂರು ವರ್ಷ ಆದ್ರೂ ಎದುರು ಬಾಗಿಲಿನವರ ಹೆಸರು ಗೊತ್ತಿರ್ಲಿಲ್ಲ. ಇಲ್ಲಿ ಗೇಟೂ ಇಲ್ಲ ಕಾಂಪೌಂಡೂ ಇಲ್ಲ, ಮನೆ ಮುಂದೆ ಪೋರ್ಚ್ ಅಂತ ಇರುತ್ತೆ, ನಂಗದು ಜಗುಲಿನೇ. ಪಕ್ಕದ್ಮನೆ ಅಜ್ಜಿ, ಎಪ್ಪತ್ತು ದಾಟಿದೆ, ಗಂಡ ಕಾರ್ ಫ್ಯಾಕ್ಟರಿಲಿದ್ರಂತೆ, ಬೇಸಿಗೆ ಪೂರ್ತಿ ಅಲ್ಲೇ ಕೂತಿರ್ತಾರೆ. ನಾವು ಬಂದ ಎರಡನೇ ವಾರ ರಾತ್ರಿ ಹತ್ತೂವರೆಗೆ ಬಾಗಿಲು ತಟ್ಟಿ, ನಿಮ್ಮ ಗ್ಯಾರೇಜ್ ಬಾಗಿಲು ತೆಗೆದೇ ಇದೆ ಅಂತ ಹೇಳಿ ಹೋದ್ರು.

ಅವರ ಆಚೆ ಮನೆ ಎರಡು ವರ್ಷದಿಂದ ಖಾಲಿ. ಖಾಲಿ ಅಂತ ಗೊತ್ತಾದ್ರೆ ತಾಮ್ರದ ಪೈಪ್ ಕಿತ್ಕೊಂಡು ಹೋಗೋರು, ಬೆಂಕಿ ಹಚ್ಚೋರು ಬರ್ತಾರೆ, ಅದಕ್ಕೆ ಬೀದಿಯವರೇ ಸರದಿ ಮೇಲೆ ಅದರ ಹುಲ್ಲು ಕತ್ತರಿಸ್ತಾರೆ, ಬಾಗಿಲಿಗೆ ಸಿಕ್ಕಿಸಿದ ಪಾಂಪ್ಲೆಟ್ ಎತ್ತಿಡ್ತಾರೆ. ಹಿಮ ಬಿದ್ದ ಬೆಳಿಗ್ಗೆ ಯಾರಾದ್ರೊಬ್ರು ತಮ್ಮ ಕಾರನ್ನ ಆ ಮನೆ ಡ್ರೈವ್‌ವೇ ಒಳಗೆ ಬಿಟ್ಟು ವಾಪಸ್ ತೆಗೀತಾರೆ, ಟೈರ್ ಗುರುತು ಕಂಡ್ರೆ ಒಳಗೆ ಜನ ಇದಾರೆ ಅನ್ಸುತ್ತಲ್ಲ, ಅದಕ್ಕೆ. ಮೊದಲನೇ ಸಲ ನೋಡಿದಾಗ ನಂಗೆ ಕಣ್ಣು ತುಂಬಿ ಬಂತು. ಈಗ ನಾನೂ ಮಾಡ್ತೀನಿ.

ನಮ್ಮ ಊರುಗಳಲ್ಲೂ ಹೀಗೇ ಇತ್ತು, ಅಕ್ಕಪಕ್ಕದವರಿಗೆ ಬೀಗದ ಕೈ ಕೊಟ್ಟು ಮದುವೆಗೆ ಹೋಗ್ತಿದ್ವಿ. ದುಡ್ಡು ಬಂದ್ಮೇಲೆ ಗೇಟ್ ಹಾಕ್ಕೊಂಡ್ವಿ, ಇಲ್ಲಿಗೆ ಬಂದೂ ಒಳ್ಳೆ ಏರಿಯಾ ಹುಡುಕ್ಕೊಂಡು ಹೋಗಿ ಅದನ್ನೇ ಮಾಡ್ತಿದೀವಿ. ಮಗಳ ಸ್ಕೂಲಿಗೋಸ್ಕರ ನಾವೂ ಮುಂದೆ ಏಟ್ ಮೈಲ್ ಆಚೆ ಹೋಗ್ಬೇಕಾಗ್ಬಹುದು, ಹೆಂಡತಿ ಜೊತೆ ಆ ಮಾತು ನಡೀತಾ ಇದೆ. ಹೋದ್ರೆ ಸ್ಕೂಲಿಗೆ ಅಂತ ಹೋಗ್ತೀವಿ, ಈ ಬೀದಿಗೆ ಹೆದರಿ ಅಲ್ಲ.