ಸಾವಿರ ಡಾಲರಿನ ಚಂದ್ರನ ಹೋಳು

ಆಟಿಕೆ ಇಟ್ಟಿಗೆಯ ಲೆಗೋದವರು ತಂದ, ಸ್ಟಾರ್ ವಾರ್ಸ್ ಸಿನಿಮಾದ ದುಂಡು ಬಾಹ್ಯಾಕಾಶ ಕೋಟೆ ಡೆತ್ ಸ್ಟಾರ್‌ನ ಹೊಸ ಸೆಟ್ಟಿನ ಬೆಲೆ ಸಾವಿರ ಡಾಲರ್ ಎಂದು ಸುಳ್ಳು ಹಬ್ಬಿಸಬೇಡಿ. 999.99 ಅಷ್ಟೇ. ಉಳಿಸಿಕೊಟ್ಟ ಆ ಒಂದು ಸೆಂಟಿಗೆ ಮೊದಲು ಕೈ ಮುಗಿಯೋಣ.

2025ರ ಅಕ್ಟೋಬರಿನಲ್ಲಿ ಅಂಗಡಿಗೆ ಬಂದಾಗಿನಿಂದ ನಡೆದಿರುವ ಜಗಳ ಗೊತ್ತಿದ್ದದ್ದೇ: 9,023 ತುಂಡು, 38 ಗೊಂಬೆ, ಆದರೆ ಗೋಳವಾಗಬೇಕಿದ್ದದ್ದು ಹೋಳಾಗಿ ಬಂದಿದೆ. ಎತ್ತರ ಅರ್ಧ ಮೀಟರ್ ದಾಟುತ್ತದೆ, ಆಳ ಅದಕ್ಕಿಂತ ಕಡಿಮೆ. ಸಿನಿಮಾದಲ್ಲಿ ನೋಡಿದವರು ಚಂದ್ರನೆಂದೇ ಮೋಸಹೋಗುವ ವಸ್ತು ಅದು. ಪೆಟ್ಟಿಗೆಯಲ್ಲಿರುವುದು ಚಂದ್ರನ ನಡುಭಾಗದಿಂದ ಕೊಯ್ದ ಒಂದು ದಪ್ಪ ಬಿಲ್ಲೆ. ಪೂರ್ಣಚಂದ್ರ ಕೇಳಲು ಹೋದವರಿಗೆ ಅರ್ಧಚಂದ್ರ ಪ್ರಯೋಗ. ಹಾಗೆಂದು ಹಿಂದಿನದೆಲ್ಲ ಚಿನ್ನವೇನಲ್ಲ. 2005ರಲ್ಲಿ ಗೋಳವನ್ನೇ ಕೊಟ್ಟಿದ್ದರು, 3,441 ತುಂಡಿನದು, ಒಂದೇ ಒಂದು ಗೊಂಬೆಯಿಲ್ಲ. ದುಂಡಗಿದ್ದರೆ ಜನ ಇಲ್ಲ, ಜನ ಇದ್ದರೆ ದುಂಡಗಿಲ್ಲ.

ಬೆಲೆ ಅಳೆಯಲು ಸಂಗ್ರಾಹಕರ ಬಳಿ ಒಂದು ಹಳೆಯ ಮಂತ್ರವಿದೆ: ತುಂಡಿಗೆ ಹತ್ತು ಸೆಂಟ್. ಭಾಗಿಸಿ ನೋಡಿ. 2008ರ ಡೆತ್ ಸ್ಟಾರ್ 3,803 ತುಂಡು, 399.99 ಡಾಲರ್, ಅಂದರೆ ತುಂಡಿಗೆ ಹತ್ತೂವರೆ ಸೆಂಟ್. 2016ರಲ್ಲಿ ಹೆಚ್ಚುಕಡಿಮೆ ಅದನ್ನೇ 4,016 ತುಂಡು ಮಾಡಿ ನೂರು ಡಾಲರ್ ಏರಿಸಿದರು, ಹನ್ನೆರಡೂವರೆಯ ಹತ್ತಿರ ಹೋಯಿತು. ಈಗಿನದು ಹನ್ನೊಂದು. ಮಂತ್ರದ ಲೆಕ್ಕದಲ್ಲಿ ಇದು 2016ರದ್ದಕ್ಕಿಂತ ಅಗ್ಗ, ಹಾಲು ಕುಡಿಯಿರಿ! ಇನ್ನೂ ಅಗ್ಗ ಬೇಕೆಂದರೆ 2021ರ ವಿಶ್ವ ಭೂಪಟದ ಸೆಟ್ ಇತ್ತು: 11,695 ತುಂಡು, 249.99 ಡಾಲರ್, ತುಂಡಿಗೆ ಎರಡು ಸೆಂಟ್ ಚಿಲ್ಲರೆ. ಬಿಚ್ಚಿದರೆ ಬಹುಪಾಲು ಅಂಗಿಯ ಗುಂಡಿಗಿಂತ ಸಣ್ಣ ದುಂಡು ಬಿಲ್ಲೆಗಳು. ಅಂಗೈಗಿಂತ ಅಗಲದ ಪ್ಲೇಟೂ ಲೆಕ್ಕದಲ್ಲಿ ಒಂದು ತುಂಡು, ಉಗುರಿನ ಸಂದಿಗೆ ಸಿಕ್ಕಿಕೊಳ್ಳುವ ಚೂರೂ ಒಂದು ತುಂಡು. ಎಣಿಸುವುದನ್ನು ಬಿಟ್ಟು ತೂಗಿ. ಗ್ರಾಮಿಗೆ ಎಷ್ಟು ಬಿತ್ತು ನೋಡಿ. ತಕ್ಕಡಿಗೆ ಜಾಹೀರಾತು ಓದಲು ಬರುವುದಿಲ್ಲ.

ಆದರೆ ಸಿನಿಮಾ ಸೆಟ್ ಕೊಳ್ಳುವವರಲ್ಲಿ ಅರ್ಧ ಜನಕ್ಕೆ ಬೇಕಾದದ್ದು ಕಟ್ಟಡವಲ್ಲ, ಮಿನಿಫಿಗರ್ ಅನ್ನುವ ಈ ಪುಟ್ಟ ಗೊಂಬೆ. ಕಟ್ಟಡ ಗೊಂಬೆಯ ಡಬ್ಬಿ. ಇದು ಮಾರುವವರಿಗೂ ಗೊತ್ತು. ನಾಯಕನ ಅದೇ ಮುಖ ಪ್ರತಿ ಅಗ್ಗದ ಪೆಟ್ಟಿಗೆಯಲ್ಲೂ ಸಿಗುತ್ತದೆ. ಸಿನಿಮಾದಲ್ಲಿ ಎರಡು ಮಾತಾಡಿ ಹೋದ ಅಧಿಕಾರಿ ಮಾತ್ರ ಅತಿ ದುಬಾರಿ ಪೆಟ್ಟಿಗೆಯಲ್ಲಿ ಕೂತಿರುತ್ತಾನೆ. ಅವನಿಲ್ಲದೆ ಸಾಲು ಪೂರ್ತಿಯಾಗುವುದಿಲ್ಲವಲ್ಲ.

ಗೊಂಬೆಯನ್ನು ಕೈಗೆ ತೆಗೆದುಕೊಂಡರೆ ಮುಖ ನೋಡಬೇಡಿ, ಮುಖ ಯಾವಾಗಲೂ ಚೆನ್ನಾಗಿರುತ್ತದೆ. ತೋಳು ನೋಡಿ, ಕಾಲಿನ ಪಕ್ಕ ನೋಡಿ. 2003ರ ಕ್ಲೌಡ್ ಸಿಟಿ ಸೆಟ್ಟಿನಲ್ಲಿ ಸ್ಟಾರ್ ವಾರ್ಸಿನ ಬೇಟೆಗಾರ ಬೋಬಾ ಫೆಟ್‌ಗೆ ತೋಳಿಗೂ ಕಾಲಿಗೂ ಪ್ರಿಂಟ್ ಹಾಕಿದ್ದರು, ಇವತ್ತಿಗೂ ಜನ ಅದಕ್ಕೆ ಬಾಯಿ ಬಾಯಿ ಬಿಡುತ್ತಾರೆ. ಈಗಿನ ಎಷ್ಟೋ ಗೊಂಬೆಗಳು ಸೊಂಟದವರೆಗೆ ಸೇನಾಧಿಪತಿ, ಕೆಳಗೆ ಬರಿಗಾಲು. ಕಾಲಿಗೆ ಮಸಿಯಿಲ್ಲದಿದ್ದರೂ ಜುಟ್ಟಿಗೆ ಹೊಸ ಅಚ್ಚು. ಆ ಜುಟ್ಟಿಗೂ ಕೆಲಸವಿದೆ ಅನ್ನಿ: ತಲೆಯ ಹಿಂದೆ ಇನ್ನೊಂದು ಮುಖ ಅಚ್ಚಾಗಿರುತ್ತದೆ, ಗಾಬರಿಯದೋ ಸಿಟ್ಟಿನದೋ, ಅದನ್ನು ಮುಚ್ಚಬೇಕು. ಬೋಳುತಲೆಯವನಿಗೆ ಆ ಭಾಗ್ಯವಿಲ್ಲ. ಯುದ್ಧಕ್ಕೂ ಮದುವೆಗೂ ಒಂದೇ ಮುಖ. ಮಕ್ಕಳ ಪಾತ್ರಕ್ಕೆ ಹಾಕುವ ಗಿಡ್ಡ ಕಾಲು ಮಡಚುವುದಿಲ್ಲ, ಹುಡುಗ ವಿಮಾನವನ್ನು ನಿಂತೇ ಓಡಿಸಬೇಕು. ಲಂಗದ ಬದಲು ಇಳಿಜಾರು ಇಟ್ಟಿಗೆ ಕೊಟ್ಟ ರಾಣಿಗೆ ಸಿಂಹಾಸನವಿದ್ದೂ ಕೂರುವ ಯೋಗವಿಲ್ಲ. ಉದ್ದ ಕೂದಲಿನವರನ್ನು ಕಾಕ್‌ಪಿಟ್ಟಿನಲ್ಲಿ ಕೂರಿಸಿ ಗಾಜು ಮುಚ್ಚಲು ನೋಡಿ, ಎಷ್ಟೋ ಸೆಟ್ಟಿನಲ್ಲಿ ಮುಚ್ಚುವುದಿಲ್ಲ, ಕೂದಲು ಕಿತ್ತಿಟ್ಟು ಹಾರಬೇಕು.

ಕತ್ತಿನ ವಿಷಯದಲ್ಲಿ ಮಾತ್ರ ತಮಾಷೆ ಬರುವುದಿಲ್ಲ. ಕಪ್ಪು ಅಂಗಿಯ ಗೊಂಬೆಗೆ ಎದೆಯ ಮೇಲೆ ತೆರೆದ ಕುತ್ತಿಗೆಯನ್ನು ಮೈಬಣ್ಣದಲ್ಲಿ ಅಚ್ಚು ಹಾಕುತ್ತಾರೆ. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ತೆಳು ಬಣ್ಣ ಬಿದ್ದರೆ ಕೆಳಗಿನ ಕಪ್ಪು ಇಣುಕುತ್ತದೆ, ಮುಖ ಒಂದು ಬಣ್ಣ, ಕತ್ತು ಬೂದಿಬಣ್ಣ. ಅಡಿಗೆ ಬಿಳಿಯ ಪದರ ದಪ್ಪಗೆ ಕೊಟ್ಟರೆ ಮುಗಿಯುವ ಕೆಲಸ. ಸಿನಿಮಾ ಗೊಂಬೆಗಳಿಗೆ ಹಳದಿ ಹೋಗಿ ಮೈಬಣ್ಣ ಬಂದು ಇಪ್ಪತ್ತು ವರ್ಷ ದಾಟಿತು. ಇನ್ನೂ ಕೊಡುವುದಿಲ್ಲ. ಯಾಕೆಂದರೆ ಹಾಗೇ ಕೊಟ್ಟರೂ ಜನ ಕೊಳ್ಳುತ್ತಾರೆ, ಅಷ್ಟೇ ಕಾರಣ. ಸಾಕಾಗಿದೆ.

ತುಂಡಿನ ಮೇಲೆ ಅಚ್ಚು ಹಾಕುವ ಬದಲು ಕೊಡುವ ಸ್ಟಿಕರ್ ಹಾಳೆಯ ಸಂಗತಿಯೂ ಅದೇ ಜಾತಿ. ಕಾರ್ಖಾನೆ ಮಾಡಬೇಕಾದ ಕೆಲಸವನ್ನು ದುಡ್ಡು ಕೊಟ್ಟವರೇ ಮಾಡುವ ಸಹಕಾರಿ ತತ್ವ. ಬೆರಳಿನಿಂದ ಎತ್ತಿದರೆ ಎಣ್ಣೆಯಂಶ ಅಂಟಿ ಮೂಲೆ ಏಳುತ್ತದೆ, ಚಿಮಟದಲ್ಲೋ ಬ್ಲೇಡಿನ ತುದಿಯಲ್ಲೋ ಎತ್ತಿ. ತುಂಡಿನ ಮೇಲೆ ಸೋಪಿನ ನೀರು ಒಂದು ಹನಿ ಹಚ್ಚಿದರೆ ಜಾರಿಸಿ ನೇರ ಮಾಡಬಹುದು, ಆಮೇಲೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒತ್ತಿ. ಇಷ್ಟು ಮಾಡಿದರೂ ಬಿಸಿಲು ಬೀಳುವ ಕಡೆ ಇಟ್ಟರೆ ಕೆಲವು ವರ್ಷಕ್ಕೆ ಒಣ ಎಲೆಯ ಹಾಗೆ ಸಿಪ್ಪೆ ಏಳುತ್ತದೆ.

ಕತ್ತಿನ ಬೂದು ಎಂದಾಗ ಇನ್ನೊಂದು ನೆನಪಾಯಿತು. 2004ರ ಸುಮಾರಿಗೆ ಕಂಪನಿ ಹಳೆಯ ಬೂದುಬಣ್ಣಕ್ಕೆ ಕೊಂಚ ನೀಲಿ ಬೆರೆಸಿತು. ಲೆಗೋ ಕಟ್ಟುವ ದೊಡ್ಡವರು ಆಗ ಕೂಗಾಡಿದ್ದನ್ನು ಹೊರಗಿನವರು ಹುಚ್ಚು ಅಂದರು. ಹುಚ್ಚಲ್ಲ. 1958ರ ಇಟ್ಟಿಗೆಯನ್ನು ಇಂದಿನದರ ಮೇಲೆ ಒತ್ತಿದರೆ ಟಿಕ್ಕೆಂದು ಕೂರುತ್ತದೆ, ಅದೇ ಇವರ ಹೆಮ್ಮೆ. ಹಳೆಯ ಹಡಗಿನ ಕಳೆದುಹೋದ ತುಂಡಿನ ಜಾಗಕ್ಕೆ ಹೊಸದು ಹಾಕಿದರೆ ಕೂರುತ್ತದೆ, ಆದರೆ ತೇಪೆ ಹಾಕಿದ್ದು ಕಾಣುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಗಲು ಬೆಳಕಿನಲ್ಲೇ ನೋಡಬೇಕು. ಕಟ್ಟುವಾಗಲೂ ಬೂದಿನ ಮೇಲೆ ಬೂದು ಬಂದರೆ ಒಂದು ಸ್ಟಡ್, ಅಂದರೆ ಇಟ್ಟಿಗೆಯ ತಲೆಯ ಒಂದು ಗುಬುಟಿನಷ್ಟು, ಆಚೀಚೆಯಾದದ್ದು ಅಲ್ಲಿ ತಿಳಿಯುವುದಿಲ್ಲ. ಮೂವತ್ತು ಪುಟ ದಾಟಿ ಎರಡು ಗೋಡೆ ಕೂಡಿಸುವಾಗ ತಿಳಿಯುತ್ತದೆ.

ಇದನ್ನೆಲ್ಲ ತಪ್ಪಿಸಲು ಜಾಣರು ಕಂಡುಕೊಂಡ ದಾರಿ, ಪೆಟ್ಟಿಗೆಯನ್ನೇ ತೆರೆಯದಿರುವುದು. ರಷ್ಯಾದ ಇಬ್ಬರು ಅರ್ಥಶಾಸ್ತ್ರಜ್ಞರು 1987ರಿಂದ 2015ರವರೆಗಿನ ಸೆಟ್ಟುಗಳ ಬೆಲೆ ಲೆಕ್ಕಹಾಕಿ ವರ್ಷಕ್ಕೆ ಸರಾಸರಿ ಸುಮಾರು ಶೇ. 11 ಲಾಭ ಎಂದದ್ದೇ ತಡ, ಆಟಿಕೆ ಕಪಾಟು ಹತ್ತಿ ಕೂತಿತು. ಪೆಟ್ಟಿಗೆಯ ಮೇಲೆ 18+ ಎಂದು ಅಚ್ಚಾಗಿದೆ. ಮಕ್ಕಳು ಮುಟ್ಟುವಂತಿಲ್ಲ, ದೊಡ್ಡವರು ತೆರೆಯುವಂತಿಲ್ಲ.

ತೆರೆದವರಿಗೆ ಒಂದು ಸಮಾಧಾನ. ಆ 38 ಗೊಂಬೆಗಳಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಮೀಯಲು ಕೂತ ಸೈನಿಕನೊಬ್ಬನಿದ್ದಾನೆ, ಹಳೆಯ ವಿಡಿಯೊ ಗೇಮಿನ ನಗೆಚಾಟಿಕೆ. ಅವನ ಕಾಲಾದರೂ ಮಡಚುತ್ತದೆ.